ಕುಂಕುಮದ ಕೆಳಗಿನ ನಂಬರು

ಸೇಲಂ ಹತ್ತಿರದ ನಮ್ಮ ಕಾರ್ಖಾನೆಗೆ ಇಂಟ್ರಾನೆಟ್ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ಇಂಟ್ರಾನೆಟ್ ಎಂದರೆ ಕಾಂಪೌಂಡು ದಾಟಿ ಹೊರಗೆ ಹೋಗದ ಇಂಟರ್ನೆಟ್ ಎಂದು ಮದ್ರಾಸಿನಿಂದ ಬಂದಿದ್ದ ಇಂಜಿನಿಯರು ವಿವರಿಸಿದಾಗ ನಮ್ಮ ಮಾಮ ತೃಪ್ತಿಯಿಂದ ತಲೆಯಾಡಿಸಿದರು. ಕಾಂಪೌಂಡು ದಾಟದ ಯಾವುದರ ಮೇಲೂ ಅವರಿಗೆ ಗೌರವವಿತ್ತು. ನನ್ನ ಮೇಲೂ ಇದ್ದದ್ದು ಅದೇ ಕಾರಣಕ್ಕೆ ಎಂದು ನನ್ನ ಅನುಮಾನ.

ಮಾಮ ಎಂದರೆ ರೆಕಾರ್ಡ್ ರೂಮಿನ ಮುಖ್ಯಸ್ಥರು, ಕಡಯಂಪಟ್ಟಿಯವರು. ನಾನು ಅವರ ಕೈಕೆಳಗಿನ ಗುಮಾಸ್ತ, ಕೊಳತ್ತೂರಿನ ಕಡೆಯವನು. ಅವರು ನನ್ನನ್ನು ಅಳಿಯ ಎನ್ನುತ್ತಿದ್ದರು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ, ನನಗಾಗಲೇ ಮದುವೆಯಾಗಿ ಮಕ್ಕಳಿದ್ದರು. ಈ ಸಂಬಂಧ ಸಂಪೂರ್ಣವಾಗಿ ಆಡಳಿತಾತ್ಮಕವಾದದ್ದು. ಗೇಟಿನಿಂದ ಒಳಗೆ ಎಲ್ಲೆಡೆ ತಮಿಳು, ಸಾಹೇಬರ ಕೋಣೆಯಲ್ಲಿ ಇಂಗ್ಲಿಷು. ಕನ್ನಡ ಕೇಳಿಸುತ್ತಿದ್ದದ್ದು ನಮ್ಮ ರೆಕಾರ್ಡ್ ರೂಮಿನಲ್ಲಿ ಮಾತ್ರ, ಅದೂ ಬಾಗಿಲು ಮುಚ್ಚಿದ್ದರೆ.

ಆ ಕೋಣೆಯಲ್ಲಿ ಕಾರ್ಖಾನೆಯ ಪ್ರತಿ ಯಂತ್ರದ ಪುಸ್ತಕವೂ ಇತ್ತು. ಪಂಪು, ಕಂಪ್ರೆಸರ್, ಬಾಯ್ಲರ್, ಎಲ್ಲದರ ಜಾತಕ. ಯಂತ್ರ ಕೆಟ್ಟಾಗ ಫಿಟ್ಟರುಗಳು ಚೀಟಿ ಹಿಡಿದು ಬರುವರು, ಮಾಮ ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿ, ಮೂರನೆಯ ಸಲ ಓದಿ, ಪುಸ್ತಕ ಕೊಡುವರು. ಅಷ್ಟರಲ್ಲಿ ಕೆಲವು ಯಂತ್ರಗಳು ತಾವಾಗಿಯೇ ಸರಿಹೋಗುತ್ತಿದ್ದವು.

ಜನರಲ್ ಮ್ಯಾನೇಜರರಿಗೆ ಈ ಪದ್ಧತಿಯಲ್ಲಿ ನಂಬಿಕೆ ಹೋಯಿತು. ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿ ಸರ್ವರಿನಲ್ಲಿ ಇಡಬೇಕು, ಯಾವ ಶೆಡ್ಡಿನ ಕಂಪ್ಯೂಟರಿನಲ್ಲಿ ಯಾರು ಒಂದು ಪದ ಒತ್ತಿದರೂ ಬೇಕಾದ ಪುಟ ಎದುರಿಗೆ ಬಂದು ನಿಲ್ಲಬೇಕು ಎಂದು ಅಪ್ಪಣೆಯಾಯಿತು. ಅದಕ್ಕಾಗಿ ಕಾರಿಮಂಗಲದ ಒಬ್ಬಳು ಹುಡುಗಿಯನ್ನು ತೆಗೆದುಕೊಂಡರು. ಬಿಎಸ್ಸಿ ಓದಿ ಕಂಪ್ಯೂಟರ್ ಕಲಿತವಳು, ನಮ್ಮಂತೆಯೇ ಮನೆಮಾತು ಕನ್ನಡ, ಓಮಲೂರಿನ ಹೆಂಗಸರ ಹಾಸ್ಟೆಲಿನಲ್ಲಿದ್ದಳು. ಕೆಲಸ ಗುತ್ತಿಗೆಯ ಮೇಲೆ.

ನಮ್ಮೆದುರಿಗೇ ಜಿಎಂ ಅವಳಿಗೆ ಹೇಳಿದರು: ಪೊಂಗಲ್ ಕಳೆದ ಮೇಲೆ ಡೈರೆಕ್ಟರು ಬರುತ್ತಾರೆ. ಅವರು ಹುಡುಕಿದ್ದು ಸಿಕ್ಕಿದರೆ ನಿನ್ನ ಕೆಲಸ ಖಾಯಂ. ಸಿಗದಿದ್ದರೆ ಎಲ್ಲವನ್ನೂ ಮದ್ರಾಸಿನ ಕಂಪನಿಗೆ ಒಪ್ಪಿಸುತ್ತೇವೆ, ನೀನು ಮನೆಗೆ.

ಅವರು ಹೋದ ಮೇಲೆ ಮಾಮ ಕೇಳಿದರು, "ಮನೇಲಿ ಏನ್ ಕಣ್ಣು ಕೆಲ್ಸ ಐತೆ ನಿಂಗೆ?" ಕಣ್ಣು ಎಂಬುದು ನಮ್ಮ ಸೇಲಂ ಕಡೆ ಮಕ್ಕಳನ್ನು ಕರೆಯುವ ಮಾತು.

"ನಮ್ ಸೋದರಮಾವಂದು ಪೋಟೋ ಸ್ಟುಡಿಯೋ ಐತೆ ಮಾಮ. ಅಲ್ಲಿ ಮದ್ವೆ ಆಲ್ಬಂ ಅಂಟಿಸ್ಬೇಕು. ಊರೋರ್ ಮದ್ವೇನೆಲ್ಲಾ ಅಂಟಿಸಿ ಅಂಟಿಸಿ ಸಾಕಾಗೈತೆ. ನಂಗೆ ಈ ಕೆಲ್ಸ ಬೇಕು. ಕಟ್ಟಾಯಂ, ಬೇಕೇ ಬೇಕು."

ಅಷ್ಟು ನೇರವಾಗಿ ಆ ಕೋಣೆಯಲ್ಲಿ ಯಾರೂ ಏನನ್ನೂ ಬೇಡಿದ್ದಿಲ್ಲ. ಮಾಮ ಕನ್ನಡಕ ತೆಗೆದು ಒರೆಸಿದರು. ಚೀಟಿಯಿಲ್ಲದೆ ಕನ್ನಡಕ ಒರೆಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ಕ್ಯಾನರು ಬಂತು, ಸೇಲಂನಿಂದ ಒಂದು ವ್ಯಾನಿನಲ್ಲಿ, ಹೊಸ ಸೊಸೆಯ ಹಾಗೆ ಬಟ್ಟೆ ಹೊದ್ದುಕೊಂಡು. ಅವಳು ಪುಟ ಇಡುವಳು, ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು, ಮಾಮ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವರು. ಮಂಗಳಾರತಿಗೆ ನಿಂತ ಹಾಗೆ. ಮೊದಲ ಪುಸ್ತಕ ತೆರೆಯ ಮೇಲೆ ಮೂಡಿದಾಗ ಅವರು ಸಂತೋಷಪಟ್ಟು, ಈಗ ಇದರಲ್ಲಿ 'ಬೇರಿಂಗ್' ಎಲ್ಲಿದೆ ಹುಡುಕು ಎಂದರು. ಅವಳು ಹುಡುಕಿದಳು. ಇಲ್ಲ ಎಂದಿತು. ಕಣ್ಣೆದುರಿಗೇ, ಪುಟದ ನಡುಮಧ್ಯೆ, ಬೇರಿಂಗ್ ಎಂದು ದಪ್ಪ ಅಕ್ಷರದಲ್ಲಿತ್ತು.

"ಕಣ್ಣು ಕುಲ್ಡಾ ಇದ್ಕೆ?"

"ಇದು ಪಟ ಮಾಮ, ಅಷ್ಟೇ. ಪೋಟೋದಲ್ಲಿರೋರ್ನ ಎಸ್ರಿಡ್ದು ಕೂಗಿದ್ರೆ ತಿರುಗಿ ನೋಡ್ತಾರಾ?"

ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಬರೀ ಚಿತ್ರ. ಅದರಲ್ಲಿ ಅಕ್ಷರ ಕಾಣಿಸುತ್ತದೆಯೇ ಹೊರತು ಕಂಪ್ಯೂಟರಿನ ಲೆಕ್ಕಕ್ಕೆ ಅಲ್ಲಿ ಅಕ್ಷರವೇ ಇಲ್ಲ. ಅದಕ್ಕಾಗಿ ಬೇರೊಂದು ಪ್ರೋಗ್ರಾಂ ಇತ್ತು. ಅದು ಚಿತ್ರವನ್ನು ಒಂದೊಂದೇ ಅಕ್ಷರವಾಗಿ ಓದಿ, ಓದಿದ್ದನ್ನು ಕಣ್ಣಿಗೆ ಕಾಣದ ಹಾಗೆ ಚಿತ್ರದ ಅಡಿಯಲ್ಲಿ ಇಡುತ್ತಿತ್ತು. ನೋಡುವವನಿಗೆ ಮೇಲಿನ ಚಿತ್ರ, ಹುಡುಕುವವನಿಗೆ ಕೆಳಗಿನ ಅಕ್ಷರ. ಹುಡುಗಿ ಇದನ್ನು ಎರಡು ಹಾಳೆ ಒಂದರ ಮೇಲೊಂದು ಇಟ್ಟು ತೋರಿಸಿದಾಗ ಮಾಮನಿಗೆ ತಟ್ಟನೆ ಹೊಳೆಯಿತು.

"ಅಂಗನ್ನು. ಮೇಲ್ಗಡೆ ದೇಹ, ಕೆಳಗಡೆ ಆತ್ಮ."

"ಅಂಗೇ ಅಂದ್ಕೊಳ್ಳಿ ಮಾಮ."

"ಅಂದ್ಕೊಳ್ಳೋದೇನು, ಅಂಗೇ ಐತೆ. ಲೇ ಅಳಿಯ, ಬರ್ಕೋ."

ನಾನು ಬರೆದುಕೊಂಡೆ. ಅಧಿಕೃತ ಕಾರ್ಯವಿಧಾನದ ಟಿಪ್ಪಣಿಯಲ್ಲಿ ಆತ್ಮ ಎಂಬ ಪದ ಜಿಎಂವರೆಗೂ ಹೋಗಿ ಬಂತು, ಯಾರೂ ಆಕ್ಷೇಪಿಸಲಿಲ್ಲ.

ದಿನವೆಲ್ಲ ತಯಾರಾದ ಪುಸ್ತಕಗಳನ್ನು ಸಂಜೆ ಸರ್ವರಿಗೆ ಹಾಕಿ ಹೋದರೆ ಅದು ರಾತ್ರಿಯೆಲ್ಲ ಪದಗಳನ್ನು ಹೆಕ್ಕಿ ತನ್ನೊಳಗೆ ಜೋಡಿಸಿಕೊಳ್ಳುತ್ತಿತ್ತು. ಮಾಮ ಇದಕ್ಕೆ ಜೀರ್ಣ ಎಂದು ಹೆಸರಿಟ್ಟರು. ಬೆಳಿಗ್ಗೆ ಬಂದವರೇ, "ನಿನ್ನೆ ಆಕಿದ್ದು ಜೀರ್ಣ ಆಯ್ತಾ?" ಎಂದು ಕೇಳುವರು. ಆಗಿದ್ದರೆ ಒಂದೇ ಬೆರಳಿನಿಂದ 'ಗ್ರೀಸ್' ಎಂದು ಒತ್ತುವರು. ಗ್ರೀಸ್ ಎಂಬ ಪದ ನಮ್ಮ ಕಾರ್ಖಾನೆಯ ವಾಙ್ಮಯದಲ್ಲಿ ಅಷ್ಟೊಂದು ಕಡೆ ಪ್ರಯೋಗವಾಗಿದೆ ಎಂಬುದು ಆವರೆಗೆ ಯಾವ ವಿದ್ವಾಂಸನಿಗೂ ತಿಳಿದಿರಲಿಲ್ಲ.

ಮಾರ್ಗಳಿಯ, ಅಂದರೆ ಧನುರ್ಮಾಸದ, ಚಳಿ ಶುರುವಾದಾಗ ಮೇಂಟೆನೆನ್ಸ್ ಫೋರ್‌ಮನ್ ಒಬ್ಬರು, ಇದರ ಯೋಗ್ಯತೆ ಏನೆಂದು ನೋಡಲು, ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದರು. ಶೆಡ್ಡಿನಲ್ಲಿ ಯಾರೂ ಯಂತ್ರವನ್ನು ಪುಸ್ತಕದಲ್ಲಿರುವ ಹೆಸರಿನಿಂದ ಕರೆಯುವುದಿಲ್ಲ. ಅಲ್ಲಿ ನಂಬರೇ ಹೆಸರು. ಪ್ರತಿ ಯಂತ್ರಕ್ಕೂ ಕಾರ್ಖಾನೆ ಕೊಟ್ಟ ಒಂದು ನಂಬರು. ತಯಾರಕರ ಪುಸ್ತಕದಲ್ಲಿ ಅದು ಎಲ್ಲಿಯೂ ಇರುವುದಿಲ್ಲ. ಪುಸ್ತಕ ಬಂದಾಗ ನಾವೇ ಮೊದಲ ಪುಟವನ್ನು ಟೈಪ್‌ರೈಟರಿಗೆ ಸಿಕ್ಕಿಸಿ ಮೇಲ್ಗಡೆ ನಡುವೆ ಒತ್ತುತ್ತಿದ್ದೆವು. ಫೋರ್‌ಮನ್ ತಮ್ಮ ಪಂಪಿನ ನಂಬರು ಒತ್ತಿದರು. ಇಲ್ಲ ಎಂದಿತು. ಇನ್ನೊಂದು ಒತ್ತಿದರು. ಇಲ್ಲ. ಮತ್ತೊಂದು. ಇಲ್ಲ.

"ಎನ್ನಮ್ಮಾ, ನಮ್ಮ ಕಾರ್ಖಾನೇಲಿ ಪಂಪೇ ಇಲ್ವಾ?" ಎಂದು ನಕ್ಕು ಹೊರಟುಹೋದರು.

ಹುಡುಗಿ ನಗಲಿಲ್ಲ. ಒಂದು ಪಂಪಿನ ಪುಸ್ತಕದ ಮೊದಲ ಪುಟವನ್ನು ತೆರೆಯ ಮೇಲೆ ತೆರೆದಳು. ನಂಬರು ಇರಬೇಕಾದ ಜಾಗದಲ್ಲಿ ಕಪ್ಪು ಚಂದ್ರ. ಇನ್ನೊಂದು ಪುಸ್ತಕ, ಅದೇ ಜಾಗದಲ್ಲಿ ಇನ್ನೊಂದು ಚಂದ್ರ. ಕಪಾಟಿನಿಂದ ಪುಸ್ತಕವನ್ನೇ ತೆಗೆದು ನೋಡಿದಳು. ಚಂದ್ರನಲ್ಲ, ಕುಂಕುಮ.

ಇದರ ಹಿನ್ನೆಲೆ ಹೇಳಬೇಕು. ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಎಲ್ಲ ಯಂತ್ರಕ್ಕೂ ಗಂಧ ಕುಂಕುಮ ಹಚ್ಚುತ್ತಾರೆ. ರೆಕಾರ್ಡ್ ರೂಮಿನಲ್ಲಿ ಯಂತ್ರವಿಲ್ಲ, ಪುಸ್ತಕವಿದೆ. ಆದ್ದರಿಂದ ಮಾಮ ಪ್ರತಿ ವರ್ಷವೂ ಮಿಂದು ಮಡಿಯಾಗಿ ಬಂದು ಪ್ರತಿ ಪುಸ್ತಕದ ಮೊದಲ ಪುಟಕ್ಕೆ ಬೊಟ್ಟಿಡುತ್ತಿದ್ದರು. ಬೊಟ್ಟು ಹಣೆಗೆ ಇಡಬೇಕಲ್ಲವೆ. ಪುಸ್ತಕದ ಹಣೆ ಯಾವುದು? ಮೇಲ್ಗಡೆ, ನಡುವೆ, ಅದರ ಹೆಸರು ಇರುವ ಕಡೆ. ಅವರದು ವ್ಯವಸ್ಥಿತ ಬುದ್ಧಿ. ಒಂದು ವರ್ಷದ ಬೊಟ್ಟಿನ ಮೇಲೆಯೇ ಮುಂದಿನ ವರ್ಷದ್ದು, ಕೂದಲೆಳೆಯಷ್ಟೂ ಆಚೀಚೆಯಾಗದಂತೆ. ಪುಡಿ ಉದುರಿ ಹೋಗಿತ್ತು, ಬಣ್ಣ ಕಾಗದಕ್ಕೆ ಇಳಿದು ಉಳಿದಿತ್ತು. ಸ್ಕ್ಯಾನರು ಕಪ್ಪು ಬಿಳುಪಿನಲ್ಲಿ ನೋಡುತ್ತಿದ್ದರಿಂದ ಅದಕ್ಕೆ ಕೆಂಪೂ ಕಪ್ಪೇ.

ನಾನು ಆಡಳಿತಾತ್ಮಕ ಪರಿಹಾರ ಸೂಚಿಸಿದೆ: ಕಣ್ಣಿನಿಂದ ಓದಿ ಕೈಯಿಂದ ಒತ್ತಿದರಾಯಿತು. ಒತ್ತಿ ನೋಡಿದೆವು. ಕುಂಕುಮದ ಕೆಳಗೆ ಮೂರೂ ಎಂಟೂ ಒಂದೇ, ಒಂದೂ ಏಳೂ ಒಂದೇ. ಅಂದಾಜಿನಲ್ಲಾಗಲಿ ಮಾಮನ ನೆನಪಿನಿಂದಾಗಲಿ ನಂಬರು ಹಾಕಕೂಡದು, ತಪ್ಪು ಪುಸ್ತಕ ನೋಡಿ ಫಿಟ್ಟರು ತಪ್ಪು ವಾಲ್ವು ತಿರುಗಿಸಿದರೆ ಸಾಯುತ್ತಾನೆ ಎಂದು ಸೇಫ್ಟಿ ಆಫೀಸರು ಖಡಾಖಂಡಿತವಾಗಿ ಹೇಳಿದರು. ಯಂತ್ರದ ಮೇಲಿನ ತಗಡನ್ನೇ ನೋಡಿ ಬರೋಣವೆಂದು ಶೆಡ್ಡಿಗೆ ಹೋದರೆ, ಅಲ್ಲಿ ವರ್ಷ ವರ್ಷವೂ ಪೂಜೆಗೆ ಮುಂಚೆ ತಗಡಿನ ಸಮೇತ ಹಸಿರು ಬಣ್ಣ ಬಳಿದಿದ್ದರು. ನಮ್ಮ ಜನ ಯಂತ್ರದ ಮೇಲೆ ಇಟ್ಟ ಪ್ರೀತಿಯಲ್ಲಿ ಅದರ ಗುರುತೇ ಮುಳುಗಿಹೋಗಿತ್ತು.

ಉಳಿದದ್ದು ಒಂದೇ ದಾರಿ. ಅದನ್ನು ನಾನೇ ಬಾಯಿಬಿಟ್ಟು ಹೇಳಬೇಕಾಯಿತು.

"ಒರೆಸ್ಬುಡಾನಾ ಮಾಮ? ಒದ್ದೆ ಬಟ್ಟೇಲಿ?"

ಮಾಮ ಎದ್ದು ನಿಂತರು. "ಏನಂದೆ?"

"ಕುಂಕುಮ..."

"ಲೇ, ಕುಂಕುಮ ಒರ್ಸೋದು ಯಾವಾಗ್ಲಾ? ನಿಂಗೆ ಗೊತ್ತಿಲ್ವಾ? ಓಡ್ತಾ ಇರೋ ಮಿಷಿನ್ನು. ಒಂದೂ ಸತ್ತಿಲ್ಲ. ನನ್ ಕೈಯಾರ ಇಟ್ಟಿದ್ದ ನಾನೇ ಅಳಿಸಿ ಅವನ್ನ ಮುಂಡೆ ಮಾಡ್ಲಾ? ಅದೂ ಈ ಮಗೀನ ಮುಂದೆ?"

ನಾನು ಕುಳಿತುಕೊಂಡೆ. ಹುಡುಗಿ ಮೆಲ್ಲಗೆ, "ಬ್ಯಾಡ ಮಾಮ. ಒರೆಸ್ಬ್ಯಾಡಿ. ಓಗ್ಲಿ ಬುಡಿ" ಎಂದಳು. ಆ 'ಓಗ್ಲಿ' ಎಂಬುದರಲ್ಲಿ ಏನೇನು ಹೋಗುತ್ತಿತ್ತು ಎಂಬುದು ಮೂವರಿಗೂ ಗೊತ್ತಿತ್ತು. ಆ ದಿನ ಮಾಮ ಟೀ ಕುಡಿಯಲಿಲ್ಲ. ಮರುದಿನವೂ ಇಲ್ಲ. ತಂದಿಟ್ಟ ಟೀಯನ್ನು ಆರುವವರೆಗೆ ನೋಡಿ, ಆರಿದೆ ಎಂದು ವಾಪಸು ಕಳಿಸುವರು. ಒಂದು ಮಧ್ಯಾಹ್ನ ತಮ್ಮ ಊರಿನ ಗುಡಿಯ ಪೂಜಾರಿಯನ್ನು ಕೇಳಿ ಬರುವುದಾಗಿ ಹೋದರು. ಪುಸ್ತಕದ ಕುಂಕುಮದ ಬಗ್ಗೆ ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದ್ದಕ್ಕೆ ಪೂಜಾರಿ, ಪಂಪಿನ ಪುಸ್ತಕವೋ ಕಂಪ್ರೆಸರಿನದೋ ಎಂದು ವಿಚಾರಿಸಿದನಂತೆ. ಶಾಸ್ತ್ರ ತಿಳಿದವನಲ್ಲ, ಸುಮ್ಮನೆ ಕಾಲ ತಳ್ಳುತ್ತಿದ್ದಾನೆ ಎಂದು ಮಾಮ ವಾಪಸು ಬಂದರು.

ದಾರಿ ಹೊಳೆದದ್ದು ಹುಡುಗಿಗೆ, ಊರಿಗೆ ಹೋಗಿ ಬಂದ ಒಂದು ಸೋಮವಾರ. ಬ್ಯಾಗು ಕೂಡ ಇಳಿಸದೆ ಹೇಳಿದಳು.

"ಮಾಮ, ನಮ್ ಮಾವನ ಸ್ಟುಡಿಯೋದಲ್ಲಿ ಪೋಟೋ ತೊಳ್ಯೋ ಕತ್ತಲೆ ರೂಮ್ ಐತಲ್ಲ, ಅಲ್ಲಿ ಕೆಂಪು ಬಲ್ಬು. ನಿನ್ನೆ ನಮ್ಮತ್ತೆ ಒಳಗ್ ಬಂದೋರು, 'ಎಲ್ಲೇ ಬೊಟ್ಟು, ಬರೀ ಅಣೇಲಿದೀಯ' ಅಂತ ಬೈದ್ರು. ಬೊಟ್ಟು ಇತ್ತು ಮಾಮ! ಕೆಂಪು ಬೆಳಕಲ್ಲಿ ಕೆಂಪು ಕಾಣಾಕಿಲ್ಲ. ಅವ್ರುದೂ ಕಾಣ್ತಿರ್ಲಿಲ್ಲ. ಕಣ್ಣಿಗಿಟ್ಟಿದ್ದ ಕಾಡಿಗೆ ಮಾತ್ರ ಕರ್‍ರಗೆ ಕಾಣ್ತಿತ್ತು."

ಮಾಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಅರ್ಥವಾಗಿರಲಿಲ್ಲವೆಂಬುದು ಇಬ್ಬರಿಗೂ ಅರ್ಥವಾಯಿತು. ಅವಳು ಮಾತು ಬಿಟ್ಟು ಕೆಲಸಕ್ಕೆ ಇಳಿದಳು. ಸ್ಕ್ಯಾನರನ್ನು ಕಪ್ಪು ಬಿಳುಪಿನಿಂದ ಬಣ್ಣಕ್ಕೆ ತಿರುಗಿಸಿ ಪಂಪಿನ ಪುಸ್ತಕದ ಮೊದಲ ಪುಟ ಇಟ್ಟಳು. ಬಣ್ಣದ ಚಿತ್ರ ಎಂದರೆ ಒಂದರ ಮೇಲೊಂದು ಇಟ್ಟ ಮೂರು ಚಿತ್ರಗಳಂತೆ, ಕೆಂಪಿನಲ್ಲಿ ಕಂಡದ್ದು, ಹಸಿರಿನಲ್ಲಿ ಕಂಡದ್ದು, ನೀಲಿಯಲ್ಲಿ ಕಂಡದ್ದು. ಅವಳು ಹಸಿರನ್ನೂ ನೀಲಿಯನ್ನೂ ತೆಗೆದುಹಾಕಿದಳು. ಕುಂಕುಮ ಬೆಳ್ಳಗಾಯಿತು. ಅದರೊಳಗಿಂದ ಟೈಪ್‌ರೈಟರಿನ ಕಪ್ಪು ಅಕ್ಷರ, ಮೂರು ಮೂರಾಗಿ, ಎಂಟು ಎಂಟಾಗಿ, ಎದ್ದು ಬಂತು.

ಮಾಮ ತಕ್ಷಣ ಸ್ಕ್ಯಾನರಿನ ಮುಚ್ಚಳ ಎತ್ತಿ ನೋಡಿದರು. ಪುಸ್ತಕದ ಹಣೆಯಲ್ಲಿ ಬೊಟ್ಟು ಇದ್ದ ಹಾಗೆಯೇ ಇತ್ತು.

"ಐತೆ," ಎಂದರು. ಮುಚ್ಚಳ ಮುಚ್ಚಿ, ತೆರೆ ನೋಡಿ, ಮತ್ತೆ ಎತ್ತಿದರು. "ಇಲ್ಲಿ ಬೊಟ್ಟೂ ಐತೆ. ಅಲ್ಲಿ ನಂಬ್ರೂ ಐತೆ." ಆಮೇಲೆ, "ಲೇ ಅಳಿಯ, ಟೀ ತರ್‍ಸು."

ಮೊದಲ ಪುಟಗಳನ್ನೆಲ್ಲ ಮತ್ತೆ ಸ್ಕ್ಯಾನ್ ಮಾಡಿದೆವು. ಪೊಂಗಲ್ ರಜೆಯಲ್ಲೂ ಅವಳು ಊರಿಗೆ ಹೋಗಲಿಲ್ಲ. ಮಾಮನ ಮನೆಯಿಂದ ಪೊಂಗಲ್ ರೆಕಾರ್ಡ್ ರೂಮಿಗೇ, ಹಿಡಿಯಿರುವ ತೂಕುಚಟ್ಟಿ ಪಾತ್ರೆಯಲ್ಲಿ, ಬಂತು. ಪಂಪುಗಳು ಸಿಕ್ಕವು, ಕಂಪ್ರೆಸರುಗಳು ಸಿಕ್ಕವು. ಸಿಗದೆ ಉಳಿದದ್ದು ಬಾಯ್ಲರ್, ಮತ್ತು ಅದರ ಜೊತೆಗೇ ಬಂದ ಅದರದೇ ಪಂಪುಗಳು.

ಬಾಯ್ಲರ್ ಹಾಕಿಸಿದ ವರ್ಷ ಮಾಮ ದೊಡ್ಡ ಯಾತ್ರೆ ಮುಗಿಸಿ ಬಂದಿದ್ದರು. ಸಂತೆಯ ಕುಂಕುಮ ಬಾಯ್ಲರಿನಂಥ ದೊಡ್ಡ ಯಂತ್ರಕ್ಕೆ ಸಾಲದೆಂದು, ಯಾತ್ರೆಯಿಂದ ತಂದ ದುಬಾರಿ ಕುಂಕುಮವನ್ನೇ ಅದರ ಪುಸ್ತಕಗಳಿಗೆ ಇಟ್ಟಿದ್ದರು, ಆಮೇಲೂ ಪ್ರತಿ ವರ್ಷ ಅದನ್ನೇ. ಅದು ಕೆಂಪಲ್ಲ, ನೇರಳೆ ಹಣ್ಣಿನ ಗಾಢ ಬಣ್ಣ. ಎಷ್ಟೇ ಕೆಂಪಿನಲ್ಲಿ ನೋಡಿದರೂ ಕಪ್ಪಾಗಿಯೇ ಉಳಿಯಿತು. ಸಂತೆಯ ಅಗ್ಗದ ಕುಂಕುಮ ಸಾಧುವಿನಂತೆ ದಾರಿ ಬಿಟ್ಟಿತು, ಕ್ಷೇತ್ರದಿಂದ ಬಂದದ್ದು ಜಗ್ಗಲಿಲ್ಲ.

ಡೈರೆಕ್ಟರು ಬಾಯ್ಲರನ್ನು ಕೇಳದೆ ಇರುವುದಿಲ್ಲ ಎಂದು ಜಿಎಂ ಮೊದಲೇ ಹೇಳಿ ಕಳಿಸಿದ್ದರು. ಕಾರ್ಖಾನೆ ನಿಂತರೆ ಬಾಯ್ಲರಿನಿಂದಲೇ ನಿಲ್ಲುವುದು. ದೊಡ್ಡವರು ಬಂದಾಗ ಕೇಳುವುದು ಅದೊಂದನ್ನೇ. ಅವರು ಬರುವುದಕ್ಕೆ ಒಂದು ದಿನ ಉಳಿದಿತ್ತು. ಹುಡುಗಿ ಹಸಿರು ಹಾಕಿ ನೋಡಿದಳು, ನೀಲಿ ಹಾಕಿ ನೋಡಿದಳು, ಕೊನೆಗೆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ, "ಆದಷ್ಟು ಆಯ್ತು ಮಾಮ" ಎಂದು ಊಟಕ್ಕೆ ಹೋದಳು. ಡಬ್ಬಿ ತೆಗೆದುಕೊಂಡು ಹೋಗಲಿಲ್ಲ.

ಮಾಮ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತ ಕುಳಿತರು. ಆಮೇಲೆ ನನ್ನನ್ನು ಬಾಗಿಲಿಗೆ ಚಿಲಕ ಹಾಕಲು ಹೇಳಿ, ಬಾಯ್ಲರಿನ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿದರು. ಮೇಜಿನ ಡ್ರಾಯರಿನಿಂದ, ಮದುವೆಮನೆಯಲ್ಲಿ ಚಿಮುಕಿಸುವ ಪನ್ನೀರಿನ ಸೀಸೆ ಹೊರಬಂತು. ಹತ್ತಿಯೂ ಬಂತು. ಎಂದಿನಿಂದ ಅವು ಅಲ್ಲಿದ್ದವೋ ನಾನು ಕೇಳಲಿಲ್ಲ. ಬಾಯ್ಲರಿನ ಪುಸ್ತಕಗಳು ನುಣುಪು ಕಾಗದದವು, ಬಣ್ಣ ಒಳಗೆ ಇಳಿದಿರಲಿಲ್ಲ. ಹತ್ತಿಯನ್ನು ಪನ್ನೀರಿನಲ್ಲಿ ಅದ್ದಿ ಹಿಂಡಿ, ಮಲಗಿದ ಮಗುವಿನ ಕೆನ್ನೆ ಒರೆಸುವವರ ಹಾಗೆ, ಮೇಲಿನಿಂದ ಕೆಳಗೆ, ಬಹಳ ಮೆಲ್ಲಗೆ. ನನ್ನ ಕಡೆ ನೋಡದೆಯೇ ಹೇಳಿದರು.

"ಒರೆಸ್ತಿಲ್ಲ ಕಣ್ಲಾ. ಮೊಕ ತೊಳಿಸ್ತಿದೀನಿ. ಮೊಕ ತೊಳ್ದ್ರೆ ಯಾರೂ ಮುಂಡೆ ಆಗಾಕಿಲ್ಲ."

"ಇಲ್ಲ ಮಾಮ."

"ತೊಳ್ದ್ ಮೇಲೆ ಬ್ಯಾರೆ ಬೊಟ್ಟು ಇಡ್ತೀವಲ್ಲ, ದಿನಾ ಮನೇಲಿ ಎಂಗಸ್ರು ಮಾಡಾಕಿಲ್ವಾ?"

"ಮಾಡ್ತಾರೆ ಮಾಮ."

"ಸರಿ ಸುಮ್ಕಿರು. ಒಣಗ್ಸು."

ನಾನು ಫ್ಯಾನಿನ ಕೆಳಗೆ ಪುಟ ಹಿಡಿದು ನಿಂತೆ. ಪ್ರತಿ ಪುಸ್ತಕ ಒಣಗಿದ ಮೇಲೆ ಅವರು ಸಂತೆಯ ಕುಂಕುಮದಿಂದ ಅದೇ ಪುಟದ ಕೆಳಗಿನ ಮೂಲೆಯಲ್ಲಿ, ಅಕ್ಷರವಿಲ್ಲದ ಕಡೆ, ಸಾಸಿವೆಯಷ್ಟು ಬೊಟ್ಟಿಟ್ಟರು. ಹಣೆ ಪಾದಕ್ಕೆ ವರ್ಗವಾದ ಈ ವಿಷಯಕ್ಕೆ ಯಾವ ಆದೇಶವೂ ಹೊರಡಲಿಲ್ಲ.

ಹುಡುಗಿ ವಾಪಸು ಬಂದಳು. ಕೋಣೆಯೆಲ್ಲ ಮದುವೆಮನೆಯ ವಾಸನೆ. ಮೇಜಿನ ಮೇಲೆ ಬಾಯ್ಲರಿನ ಪುಸ್ತಕಗಳು ಸಾಲಾಗಿ, ನಂಬರು ತೋರಿಸಿಕೊಂಡು. ಅವಳು ಒಂದನ್ನು ನೋಡಿದಳು, ಎರಡನ್ನು ನೋಡಿದಳು, ಮಾಮನನ್ನು ನೋಡಲಾಗಲಿಲ್ಲ.

"ಯಾಕ್ ಮಾಮ..."

"ಏನ್ ಯಾಕೆ. ಧೂಳಿತ್ತು. ಸೀಕ್ರಂ ಇಡು, ಸಂಜೆ ಒಳಗೆ ಅದಕ್ಕೆ ಉಣ್ಣಿಸ್ಬೇಕು. ಜೀರ್ಣ ಆಗ್ಬೇಕು ಬ್ಯಾಡ್ವಾ?"

ಮರುದಿನ ಡೈರೆಕ್ಟರು ಬಂದರು. ಹಿಂದೆ ಜಿಎಂ, ಅವರ ಹಿಂದೆ ಇನ್ನೂ ಕೆಲವರು, ಎಲ್ಲರ ಹಿಂದೆ ಫೋರ್‌ಮನ್. ಡೈರೆಕ್ಟರು ಕುಳಿತುಕೊಳ್ಳಲೂ ಇಲ್ಲ. ನಿಂತುಕೊಂಡೇ, ಬಾಯ್ಲರಿಗೆ ನೀರೂಡಿಸುವ ಪಂಪಿನ ನಂಬರು ಹೇಳಿದರು. ಅವಳು ಒತ್ತಿದಳು. ಮರಳಿನ ಗಡಿಯಾರ ತೆರೆಯ ಮೇಲೆ ನಿಂತಿತು. ಮಾಮ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ, ಒಬ್ಬರಾದರೂ ಸಾಕ್ಷಿ ಬೇಕು.

ಪುಟ ಬಂತು. ಹೆಸರು, ನಂಬರು, ಸಂತೆಯ ಬೊಟ್ಟಿಟ್ಟಿದ್ದ ಕೆಳಗಿನ ಮೂಲೆಯಲ್ಲಿ ಏನೂ ಇಲ್ಲದ ಬಿಳುಪು.

ಡೈರೆಕ್ಟರು "ಗುಡ್" ಎಂದರು. ಅಷ್ಟೇ. ಇನ್ನೊಂದು ಹುಡುಕಿಸಲೂ ಇಲ್ಲ. ಇಷ್ಟು ಜನ ಇಷ್ಟು ತಿಂಗಳು ಪಟ್ಟ ಪಾಡಿಗೆ ಒಂದು ಗುಡ್ ಸಾಕೇ ಎಂದು ನನಗನ್ನಿಸಿತು; ಆದರೆ ಬಾಗಿಲ ಬಳಿ ಅವರು ನಿಂತು, ಇಲ್ಲಿ ಏನೋ ಒಳ್ಳೆಯ ವಾಸನೆ ಬರುತ್ತಿದೆಯಲ್ಲ ಎಂದು ಜಿಎಂ ಅವರನ್ನು ಕೇಳಿದರು. ಜಿಎಂ ಅವರು, ಹೊಸ ಸರ್ವರು ಸಾರ್ ಎಂದರು.

ಖಾಯಂ ಆದೇಶ ಬಂದ ದಿನ ಹುಡುಗಿ ಮಾಡಿದ ಮೊದಲ ಕೆಲಸ ರಜೆ ಹಾಕಿದ್ದು. ಗುತ್ತಿಗೆಯವರಿಗೆ ರಜೆ ಇರಲಿಲ್ಲ, ಖಾಯಂ ಆದವರಿಗೆ ಇತ್ತು; ಇದೆಯೋ ಇಲ್ಲವೋ ನೋಡಬೇಕಿತ್ತು ಎಂದಳು. ಮಾಮ ಸಹಿ ಹಾಕುವ ಮುಂಚೆ ಆ ಕಾಗದವನ್ನು ಮೂರು ಸಲ ಓದಿದರು. ನಡುನಡುವೆ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದರು.

ಮರುದಿನ ಕೋಣೆಯಲ್ಲಿ ನಾವಿಬ್ಬರೇ. ಹನ್ನೊಂದು ಗಂಟೆಗೆ ಫೋನ್ ರಿಂಗಾಯಿತು. ಕಾರಿಮಂಗಲದ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅವಳೇ. ಮಾಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದರು. ದೂರದ ಊರಿಗೆ ಮಾತಾಡುವಾಗ ಕೂಗಬೇಕೆಂಬುದು ಅವರ ಸಿದ್ಧಾಂತ.

"ಓಡ್ತಾ ಐತೆ ಕಣ್ಣು! ಎಲ್ಲಾ ಓಡ್ತಾ ಐತೆ! ಯಾರು? ಯಾರೂ ಮುಟ್ಟಿಲ್ಲ, ನಾನ್ ಕಾಯ್ತಾ ಇದೀನಿ! ಏನು? ನಾಳೇನೇ ಬತ್ತೀಯಾ? ಯಾಕಮ್ಮಾ, ರಜ ಐತಲ್ಲ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ದನಿ ಇಳಿಸಿ, ನನಗೆ ಬೆನ್ನು ಮಾಡಿ, "ಊಂ, ಬೇಜಾರೇ. ಈ ಅಳಿಯನ್ ಮೊಕ ಎಷ್ಟೊತ್ತು ಅಂತ ನೋಡ್ಲಿ? ಬೆಳಿಗ್ಗೆ ಮೊದಲ್ನೆ ಬಸ್ಸಿಗೇ ಬಾ" ಎಂದರು.